ಡ್ಯಾಶ್‌ಬೋರ್ಡಿಗೊಂದು ಅಂಗಿ

ಏಪ್ರಿಲ್ ೬

ಅತ್ತೆಯವರಿಗೆ ನಮಸ್ಕಾರ.

ಕಾರು ನಿನ್ನೆ ಸಂಜೆ ಬಂದು ಮುಟ್ಟಿತು. ನೀವು ಕಳಿಸಿದ ಡ್ರೈವರ್ ಕೀಲಿ ಕೊಟ್ಟು, ಒಂದು ಲೋಟ ನೀರು ಕುಡಿದು, ಬಸ್ಸಿಗೆ ಹೊತ್ತಾಯಿತೆಂದು ಓಡಿಹೋದ. ದಾರಿಯಲ್ಲಿ ಎಲ್ಲೂ ಕೈಕೊಡಲಿಲ್ಲವಂತೆ. ಇವತ್ತು ಅದರಲ್ಲೇ ಕೆಲಸಕ್ಕೆ ಹೋಗಿ ಬಂದೆ. ಲಕ್ವ ಹೊಡೆದವರ ಮನೆಗೆ, ಸೊಂಟ ಮುರಿದುಕೊಂಡವರ ಮನೆಗೆ ಬಸ್ಸಿನಿಂದ ಬಸ್ಸಿಗೆ ಹತ್ತಿ ಇಳಿದು, ವ್ಯಾಯಾಮದ ಚೀಲ ಹೊತ್ತು ಹೋಗುವುದು ಇನ್ನು ತಪ್ಪಿತು. ನಾದಿನಿ ತನಗೆ ಬೇಕು ಅಂದರೂ ನೀವು ಕಾರನ್ನು ನನಗೇ ಕಳಿಸಿದಿರಿ. ಅದಕ್ಕೆ ಏನು ಹೇಳಬೇಕೋ ತಿಳಿಯುತ್ತಿಲ್ಲ.

ಫೋನ್ ಮಾಡೋಣವೆಂದರೆ ನಿಮ್ಮ ಕಿವಿಯ ಯಂತ್ರ ಕುಯ್ಯೋ ಎನ್ನುತ್ತದೆ, ನೀವು "ಆಮೇಲೆ ಮಾಡು" ಅಂತ ಇಟ್ಟುಬಿಡುತ್ತೀರಿ. ಅದಕ್ಕೇ ಈ ಕಾಗದ.

ಒಂದು ವಿಷಯ ಬರೆಯಲೋ ಬೇಡವೋ ಅಂತ ಯೋಚಿಸಿದೆ. ಅವರು ಹೋದಮೇಲೆ ಕಾರು ವರ್ಷವಿಡೀ ಬಿಸಿಲಿಗೆ ಮುಖ ಕೊಟ್ಟು ನಿಂತಿತ್ತಲ್ಲ, ಡ್ಯಾಶ್‌ಬೋರ್ಡು ಬಿರುಕು ಬಿಟ್ಟಿದೆ. ಗಾಜಿನ ಬುಡದಿಂದ ಹೊರಟ ಒಂದು ದೊಡ್ಡ ಬಿರುಕು ನಡುಮಧ್ಯದವರೆಗೆ ಬಂದಿದೆ. ಗಾಳಿ ಬರುವ ಕಿಂಡಿಯ ಪಕ್ಕ ಇನ್ನೆರಡು ಮರಿಗಳಿವೆ. ಅಂಚುಗಳು ಒಣಗಿದ ಚಪ್ಪಲಿಯ ಹಾಗೆ ಮೇಲೆದ್ದು ನಿಂತಿವೆ. ಒರೆಸಲು ಹೋಗಿ ಕೈ ತರಚಿಕೊಂಡೆ. ಒಳಗಿನ ಹಳದಿ ಸ್ಪಂಜು ಪುಡಿಪುಡಿಯಾಗಿ ಕಾಲಿನ ಮೇಲೆ ಉದುರುತ್ತದೆ.

ಗ್ಯಾರೇಜಿನವನನ್ನು ಕೇಳಿದೆ. "ಬದಲಾಯಿಸ್ಬೇಕು ಅಂದ್ರೆ ಮುಂದಿನ ಅರ್ಧ ಕಾರನ್ನೇ ಬಿಚ್ಚಿ ಹರಡ್ಬೇಕು ಮೇಡಂ. ಆ ದುಡ್ಡಿಗೆ ಇನ್ನೊಂದು ಹಳೇ ಕಾರೇ ಬರುತ್ತೆ" ಅಂದ. ಸದ್ಯಕ್ಕೆ ಪಾರ್ಸೆಲ್ಲಿಗೆ ಹಾಕುವ ಅಗಲದ ಟೇಪು ಅಂಟಿಸಿದ್ದೆ. ಮಧ್ಯಾಹ್ನದ ಬಿಸಿಲಿಗೆ ಅದರ ಗೋಂದು ಕರಗಿ, ಟೇಪು ಸುರುಳಿ ಸುತ್ತಿಕೊಂಡು ನನ್ನ ಮಡಿಲಿಗೇ ಬಿತ್ತು. ಅವರು ಡ್ಯಾಶ್‌ಬೋರ್ಡಿಗೆ ಏನಾದರೂ ಹಚ್ಚುತ್ತಿದ್ದರೇ? ನಿಮಗೇನಾದರೂ ನೆನಪಿದೆಯೇ?

ವೇಳೆಗೆ ಸರಿಯಾಗಿ ಊಟ ಮಾಡಿ.

ಇಂತಿ,
ನಿಮ್ಮ ಸೊಸೆ


ಏಪ್ರಿಲ್ ೧೪

ಸೊಸೆಗೆ ಆಶೀರ್ವಾದ.

ಕಾಗದ ತಲುಪಿತು. ಅವನು ಏನೂ ಹಚ್ಚುತ್ತಿರಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸು ಅಂದರೆ "ನಾಳೆ" ಅನ್ನುತ್ತಿದ್ದ. ಆ ನಾಳೆಗಳೆಲ್ಲ ನಿನಗೇ ಗೊತ್ತಲ್ಲ.

ಕಾರು ನನ್ನ ಅಂಗಡಿಯ ಎದುರಿಗೇ ಇತ್ತು. ಹೊಲಿಗೆ ಯಂತ್ರದಿಂದ ತಲೆ ಎತ್ತಿದರೆ ಕಣ್ಣಿಗೆ ಬೀಳುತ್ತಿದ್ದದ್ದು ಅದೇ. ಕಟ್ಟಡದ ಯಜಮಾನರು "ಕೀಲಿ ಕೊಡಿ, ನೆರಳಿಗೆ ಹಾಕ್ತೀನಿ" ಅಂತ ಬಂದಿದ್ದರು. ನಾನು ಕೊಡಲಿಲ್ಲ. ಅವರು ಎತ್ತರದ ಆಳು, ಸೀಟು ಹಿಂದಕ್ಕೆ ತಳ್ಳುತ್ತಾರೆ. ಅವನು ಕೂತು ಎದ್ದ ಹಾಗೇ ಸೀಟು ಇರಲಿ ಅಂತ ಇತ್ತು ನನಗೆ. ಈಗ ನೀನು ಮುಂದಕ್ಕೆ ಎಳೆದುಕೊಂಡಿರುತ್ತೀಯ, ಇಲ್ಲದಿದ್ದರೆ ನಿನ್ನ ಕಾಲು ಬ್ರೇಕಿಗೆ ಎಟುಕುವುದಿಲ್ಲ. ಎಳೆದುಕೋ. ಕೆಲಸಕ್ಕೆ ಹೋಗುವ ಗಾಡಿ ಅದು.

ಎಣ್ಣೆ ಗಿಣ್ಣೆ ಸುರಿಯಬೇಡ. ಆಗ ಹೊಳೆಯುತ್ತದೆ, ಆಮೇಲೆ ಊರಿನ ಧೂಳನ್ನೆಲ್ಲ ಹಿಡಿದು ಕೂರುತ್ತದೆ. ಅದಕ್ಕೊಂದು ಅಂಗಿ ಹೊಲಿಯೋಣ. ನಲವತ್ತು ವರ್ಷದಿಂದ ಗೂನು ಬೆನ್ನು, ಏರುಪೇರು ಭುಜ ಎಲ್ಲಕ್ಕೂ ಹೊಲಿದಿದ್ದೇನೆ, ಇದೇನು ಮಹಾ. ನೀನು ಮಾಡಬೇಕಾದದ್ದು ಇಷ್ಟು: ಹಳೆಯ ಪೇಪರನ್ನು ಡ್ಯಾಶ್‌ಬೋರ್ಡಿನ ಮೇಲೆ ಹಾಸಿ, ಅಂಚಿಗೆ ಒತ್ತಿ ಗೆರೆ ಮೂಡಿಸಿ, ಸರಿಯಾಗಿ ಕತ್ತರಿಸು. ಗಾಳಿ ಕಿಂಡಿಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕು. ಎಡ ಯಾವುದು, ಬಲ ಯಾವುದು ಅಂತ ಬರೆ. ನಿನ್ನ ನಾದಿನಿ ಒಮ್ಮೆ ಸೋಫಾದ ಅಳತೆ ತಂದು, ಎರಡೂ ಕೈ ಒಂದೇ ಕಡೆಗೆ ಇರುವ ಕವರು ಹೊಲಿಸಿಕೊಂಡು ಹೋದಳು.

ಕೈ ತರಚಿದ್ದಕ್ಕೆ ಔಷಧಿ ಹಚ್ಚಿದೆಯಾ? ಅದನ್ನು ಬರೆದೇ ಇಲ್ಲ.

ಇಂತಿ,
ಅತ್ತೆ


ಏಪ್ರಿಲ್ ೨೯

ಅತ್ತೆ, ನಮಸ್ಕಾರ.

ಪೇಪರಿನ ನಕಲು ಇದರ ಜೊತೆಗಿದೆ. ಎಡ, ಬಲ ಎರಡನ್ನೂ ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ಒಬ್ಬಳೇ ಹಿಡಿದು ಕತ್ತರಿಸುವುದು ಆಗಲಿಲ್ಲ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಮೇಲೇಳುತ್ತಿತ್ತು. ನಾನು ಕಾರಿನೊಳಗೆ ಪೇಪರಿನ ಜೊತೆ ಕುಸ್ತಿ ಆಡುವುದನ್ನು ನೋಡಿ ಕೆಳಗಿನ ಮನೆಯವರು ಬಂದರು. ತರಬೇತಿ ಶಾಲೆಯಲ್ಲಿ ಮರಗೆಲಸ ಕಲಿಸುತ್ತಾರಂತೆ. ತಾಯಿ ಮಗ ಇಬ್ಬರೇ ಇರುವುದು. ಇನ್ನೊಂದು ತುದಿ ಹಿಡಿದುಕೊಂಡರು.

"ಇದರಲ್ಲಿ ಏರ್‌ಬ್ಯಾಗ್ ಇದೆಯಾ?" ಅಂತ ಮೊದಲು ಕೇಳಿದರು.

"ಸ್ಟೀರಿಂಗ್‌ನಲ್ಲಿ ಮಾತ್ರ. ಎಡಗಡೆ ಇಲ್ಲ."

"ಹಾಗಾದ್ರೆ ಪರವಾಗಿಲ್ಲ. ಇದ್ದಿದ್ರೆ ಅದರ ಮುಚ್ಚಳದ ಮೇಲೆ ಬಟ್ಟೆನೂ ಹಾಕ್ಬಾರ್ದು, ಒಂದು ಹನಿ ಅಂಟೂ ಬೀಳ್ಬಾರ್ದು. ಬೇಕಾದ ಹೊತ್ತಿಗೆ ಬಿಚ್ಚಿಕೊಳ್ಳಲ್ಲ."

ಬಟ್ಟೆ ಹಾಕುವ ಮೊದಲು ಬಿರುಕನ್ನು ತುಂಬಬೇಕಂತೆ. ಇಲ್ಲದಿದ್ದರೆ ಚೂಪಾದ ಅಂಚು ದಿನಾ ಉಜ್ಜಿ ಉಜ್ಜಿ ಬಟ್ಟೆಯನ್ನೇ ಕೊಯ್ಯುತ್ತದೆ ಅಂದರು. ನೀವು ಏನನ್ನುತ್ತೀರಿ?

ಈಗ ನನ್ನ ಹತ್ತಿರ ಒಬ್ಬರು ನಿವೃತ್ತ ರೈಲು ಚಾಲಕರು ಇದ್ದಾರೆ. ಬಲಗೈ ಬಿದ್ದುಹೋಗಿದೆ. ವ್ಯಾಯಾಮ ಅಂದರೆ ಗೋಡೆಗೆ ತಿರುಗಿ ಮಲಗುತ್ತಾರೆ. ನಿನ್ನೆ "ನನ್ನ ಕಾರಿನಲ್ಲಿ ಒಂದು ಸುತ್ತು ಬರ್ತೀರಾ?" ಅಂದೆ. ಎದ್ದು ಕೂತರು! ಎಡಗೈಯಿಂದ ಬಲಗೈ ಎತ್ತಿ ಡ್ಯಾಶ್‌ಬೋರ್ಡಿನ ಮೇಲಿಟ್ಟು, ಇಡೀ ರಸ್ತೆ ಕಣ್ಣು ಮಿಟುಕಿಸದೆ ನೋಡಿದರು. ಇಳಿಯುವಾಗ "ನಿಮ್ಮ ಇಂಜಿನ್ ಚೆನ್ನಾಗಿದೆ, ಹಲಗೆ ಸರಿ ಇಲ್ಲ" ಅಂದರು.

ಕೈ ವಾಸಿಯಾಗಿದೆ.

ಇಂತಿ,
ಸೊಸೆ


ಮೇ ೧೦

ಸೊಸೆಗೆ,

ಅಂಗಿ ಕಳಿಸಿದ್ದೇನೆ. ಅಡಿಯಲ್ಲಿ ತೆಳು ಸ್ಪಂಜು ಕೊಟ್ಟಿದ್ದೇನೆ, ಜಾರದ ಹಾಗೆ ಮೂಲೆಗಳಿಗೆ ವೆಲ್ಕ್ರೋ ಹಚ್ಚಿದ್ದೇನೆ. ಕಿಂಡಿಗಳ ಸುತ್ತ ಕಾಜಾ ಹೊಲಿಗೆ ಹಾಕಿದ್ದೇನೆ, ನೂಲು ಬಿಡುವುದಿಲ್ಲ. ಬಿರುಕು ತುಂಬುವುದು ಒಳ್ಳೆಯದೇ. ಕೆಳಗಿನ ಮನೆಯವರಿಗೆ ಕೆಲಸ ಗೊತ್ತಿದ್ದ ಹಾಗಿದೆ.

ಬಟ್ಟೆಯನ್ನು ನೀನು ಗುರುತು ಹಿಡಿಯುತ್ತೀಯ. ಕೆನೆ ಬಣ್ಣದ ಆ ಹತ್ತಿ ಸೂಟಿಂಗು. ಅವನು ತನ್ನ ಪ್ಯಾಂಟಿಗೆ ಅಂತ ತಂದಿಟ್ಟು "ಅಮ್ಮ, ನಿಧಾನವಾಗಿ ಹೊಲಿ, ಅವಸರ ಏನಿಲ್ಲ" ಅಂದಿದ್ದ. ಬೀರುವಿನಲ್ಲಿ ಇಟ್ಟರೆ ಹುಳ ತಿನ್ನುತ್ತದೆ. ಕತ್ತರಿ ಹಾಕುವಾಗ ಸ್ವಲ್ಪ ಹೊತ್ತು ಹಿಡಿಯಿತು, ಅಷ್ಟೇ.

ಹಾಕಿ ನೋಡಿ ಬರೆ.

ಅತ್ತೆ


ಮೇ ೨೧

ಅತ್ತೆ, ನಮಸ್ಕಾರ.

ಅಂಗಿ ಬಂತು. ತುಂಬಾ ಚೆನ್ನಾಗಿದೆ. ಅಳತೆ ಒಂದು ಎಳೆಯೂ ಆಚೀಚೆ ಇಲ್ಲ. ಬಟ್ಟೆಯನ್ನು ಗುರುತು ಹಿಡಿದೆ.

ಕೆಲಸ ಜಾಸ್ತಿ ಇದೆ. ರೈಲು ಚಾಲಕರು ಬೆರಳು ಮಡಿಸಲು ಶುರು ಮಾಡಿದ್ದಾರೆ. ಮನೆಯ ನಲ್ಲಿ ಸೋರುತ್ತಿತ್ತು, ಸರಿಯಾಯಿತು. ನಿಮ್ಮ ಕಿವಿಯ ಯಂತ್ರಕ್ಕೆ ಸೆಲ್ಲು ಹೊಸದು ಹಾಕಿಸಿದಿರಾ?

ಅವಸರದಲ್ಲಿ,
ಸೊಸೆ


ಜೂನ್ ೧೫

ಸೊಸೆಗೆ,

ಹೋದ ವಾರ ಮಗಳು ನಿನ್ನ ಊರಿಗೆ ಬಂದಿದ್ದಳಲ್ಲ, ನಿನ್ನ ಕಾರಿನಲ್ಲಿ ಕೂತಳಂತೆ. ಅಂಗಿ ಹಿಂದಿನ ಸೀಟಿನಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಮಡಿಸಿ ಇತ್ತಂತೆ. ಡ್ಯಾಶ್‌ಬೋರ್ಡಿಗೆ ಏನೋ ಕಪ್ಪಗೆ ಮೆತ್ತಿದೆ ಅಂದಳು.

ಇಷ್ಟವಾಗದಿದ್ದರೆ ಇಷ್ಟವಾಗಲಿಲ್ಲ ಅನ್ನಬಹುದಿತ್ತು. ಬೆಂಚಿನ ಆಚೆ ನಿಂತು ಮುಖಕ್ಕೇ ಹೇಳಿ ಹೋಗುವ ಗಿರಾಕಿಗಳನ್ನು ಬೇಕಾದಷ್ಟು ನೋಡಿದ್ದೇನೆ. "ತುಂಬಾ ಚೆನ್ನಾಗಿದೆ" ಅಂತ ಬರೆಯುವ ಅಗತ್ಯ ಇರಲಿಲ್ಲ.

ಶಾಲೆಗಳು ತೆರೆದಿವೆ. ಯೂನಿಫಾರಂ ಹೊಲಿಗೆ ತಲೆಯ ಮೇಲೆ ಕೂತಿದೆ. ಇನ್ನು ಕಾಗದ ತಡವಾದೀತು.

ಅತ್ತೆ


ಜೂನ್ ೨೨

ಅತ್ತೆ,

ನಿಮ್ಮ ಕಾಗದ ಓದಿದ ಕೂಡಲೇ ಬರೆಯಲು ಕೂತೆ. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಅಂಗಿ ಬಂದ ದಿನವೇ, ಬಿರುಕು ತುಂಬುವವರೆಗೂ ಕಾಯದೆ ಹಾಕಿದೆ. ಕಾರು ಸಿಂಗಾರ ಮಾಡಿಕೊಂಡ ಹಾಗೆ ಕಂಡಿತು. ಮರುದಿನ ಬಿಸಿಲಲ್ಲಿ ಹೊರಟೆ. ಆ ತಿಳಿ ಬಣ್ಣವೆಲ್ಲ ಎದುರಿನ ಗಾಜಿನಲ್ಲಿ ಮೂಡಿತು ಅತ್ತೆ. ಗಾಜಿನ ತುಂಬ ಒಂದು ಬಿಳಿ ಪರದೆ ಇಳಿಬಿಟ್ಟ ಹಾಗೆ. ನೀವು ಹಾಕಿದ ಹೊಲಿಗೆಯ ಸಾಲು ಕೂಡ ಗಾಜಿನಲ್ಲಿ ಎಣಿಸಬಹುದಿತ್ತು, ಅದರ ಆಚೆಗಿನ ರಸ್ತೆ ಮಾತ್ರ ಕಾಣಲಿಲ್ಲ. ಗ್ಯಾಸ್ ಸಿಲಿಂಡರ್ ಕಟ್ಟಿಕೊಂಡು ಸೈಕಲ್ಲು ತಳ್ಳುತ್ತಿದ್ದವನೊಬ್ಬ ತಿರುವಿನಲ್ಲಿ ಅಡ್ಡ ಬಂದ. ಅವನು ಕೂಗಿದ್ದು ಕೇಳಿಸಿ ಬ್ರೇಕು ಒತ್ತಿದೆ. ಚಕ್ರಕ್ಕೂ ಬಂಪರಿಗೂ ಒಂದು ಕೈ ಹಿಡಿಸುವಷ್ಟು ಜಾಗವಿತ್ತು. "ಕಣ್ಣು ಕಾಣ್ಸಲ್ವಾ ನಿಮ್ಗೆ?" ಅಂದ. "ಇಲ್ಲ" ಅಂದೆ. ಅವನೇ ಗಾಬರಿಯಾಗಿ ಹೋದ.

ಅಲ್ಲೇ ಪಕ್ಕಕ್ಕೆ ನಿಲ್ಲಿಸಿ ಅಂಗಿ ತೆಗೆದೆ. ಬೇರೆ ಯಾವ ಬಟ್ಟೆಯಾಗಿದ್ದರೂ ಆ ಸಂಜೆಯೇ ನಿಮಗೆ ಬರೆದು ನಗುತ್ತಿದ್ದೆ. ಈ ಬಟ್ಟೆಯ ವಿಷಯ ಹೇಗೆ ಬರೆಯಲಿ? ಪೆನ್ನು ಹಿಡಿದು ಕೂತೆ, ನಲ್ಲಿಯ ವಿಷಯ ಬರೆದೆ.

ಅಂಗಿ ತೆಗೆದ ಮೇಲೆ ಬಿರುಕಿಗೆ ಮೆತ್ತಿದ್ದು ಎಪಾಕ್ಸಿ. ಎರಡು ಉಂಡೆ ಒಟ್ಟಿಗೆ ನಾದಿದರೆ ಗಟ್ಟಿಯಾಗುತ್ತದಲ್ಲ, ಅದು. ಮೊದಲು ಸೋಪಿನ ನೀರಿನಲ್ಲಿ ಒರೆಸಿ, ಒಣಗಿಸಿ, ಸ್ಪಿರಿಟ್ ಹಚ್ಚಿ ಜಿಡ್ಡು ತೆಗೆದೆವು. ಮೇಲೆದ್ದ ಅಂಚನ್ನು ಬ್ಲೇಡಿನಲ್ಲಿ ಮೆಲ್ಲಗೆ ಸವರುತ್ತಿದ್ದೆ. "ಗಾಯ ಅಲ್ಲ ಇದು, ಗಟ್ಟಿಯಾಗಿ ಕೊಯ್ರಿ" ಅಂತ ಅವರು ಬೈದರು. ತುಂಬಿ ಒಣಗಿದ ಮೇಲೆ ಉಪ್ಪುಕಾಗದದಲ್ಲಿ ಉಜ್ಜಿದೆವು. ನಾನು ಎಷ್ಟು ಉಜ್ಜಿದೆನೆಂದರೆ ಬಿರುಕಿದ್ದಲ್ಲಿ ಹಳ್ಳ ಬಿತ್ತು. ಅವರು ನಕ್ಕು ನಕ್ಕು ಬಾಗಿಲಿಗೆ ತಲೆ ತಾಗಿಸಿಕೊಂಡರು. ಮತ್ತೆ ತೆಳ್ಳಗೆ ಒಂದು ಪದರ ಹಚ್ಚಿ, ಹಸಿ ಇರುವಾಗಲೇ ಒದ್ದೆ ರೆಕ್ಸಿನ್ ತುಂಡನ್ನು ಒತ್ತಿ ತೆಗೆದರೆ ಪಕ್ಕದ ಜಾಗದ ಹಾಗೆಯೇ ತರಿತರಿ ಗೆರೆ ಮೂಡುತ್ತದೆ. ಅದು ಅವರ ಉಪಾಯ. ಮೇಲೆ ಕಪ್ಪು ಬಣ್ಣ ಸಿಂಪಡಿಸಿದೆವು. ಹತ್ತಿರ ಹೋಗಿ ನೋಡಿದರೆ ಗೊತ್ತಾಗುತ್ತದೆ, ಕೂತು ಓಡಿಸುವಾಗ ಗೊತ್ತಾಗುವುದಿಲ್ಲ. ಈಗ ನಿಲ್ಲಿಸಿದಾಗಲೆಲ್ಲ ಗಾಜಿಗೆ ರಟ್ಟು ಅಡ್ಡ ಇಡಿ ಅಂತ ಅವರು ದಿನಾ ನೆನಪು ಮಾಡುತ್ತಾರೆ.

ಅಂಗಿಯನ್ನು ಇದರ ಜೊತೆ ಕಳಿಸುತ್ತಿದ್ದೇನೆ. ಇದು ನಿಮ್ಮ ಬೀರುವಿನಲ್ಲಿ ಇರಬೇಕಾದದ್ದು. ನನ್ನ ಮೇಲೆ ಕೋಪ ಮಾಡಿಕೊಳ್ಳಿ, ಕಾಗದ ಮಾತ್ರ ನಿಲ್ಲಿಸಬೇಡಿ.

ನಿಮ್ಮ ಸೊಸೆ


ಜುಲೈ ೩

ಪೆದ್ದಿ,

ಗಾಜಿನಲ್ಲಿ ರಸ್ತೆ ಕಾಣದ ಹಾಗೆ ಮಾಡುವ ಬಟ್ಟೆಯನ್ನು ನೀನು ಒಂದು ದಿನವಾದರೂ ಯಾಕೆ ಇಟ್ಟುಕೊಂಡೆ? ಅವನ ಬಟ್ಟೆ ಅಂತ ಯಾರ ಮೇಲಾದರೂ ಗಾಡಿ ಹತ್ತಿಸಬೇಕಿತ್ತೇ? ಬಟ್ಟೆ ಮುಖ್ಯವೋ ನೀನು ಮುಖ್ಯವೋ? ಆ ಸೈಕಲ್ಲಿನವನು ಚೆನ್ನಾಗಿರಲಿ.

ಬಣ್ಣ ನೋಡದೆ ಹೊಲಿದವಳು ನಾನು. ಸರಿ ಮಾಡಿದ್ದೇನೆ. ನೀರು ಕಾಯಿಸುವ ದೊಡ್ಡ ಪಾತ್ರೆಯಲ್ಲಿ ಬಣ್ಣದ ಪುಡಿ, ಉಪ್ಪು ಹಾಕಿ ಕುದಿಸಿ, ಸ್ಪಂಜು ಬಿಚ್ಚಿಟ್ಟು ಅಂಗಿಯನ್ನು ಮುಳುಗಿಸಿದೆ. ಕೆನೆ ಬಣ್ಣ ಹೋಗುವುದನ್ನು ಕೋಲು ಹಿಡಿದು ನಿಂತು ನೋಡಿದೆ. ಮೊದಲು ಬೂದಿ, ಆಮೇಲೆ ಮೋಡ, ಆಮೇಲೆ ಕಪ್ಪು. ಅಂಗಡಿಯ ಹೆಂಗಸರು "ಅಕ್ಕಾ, ಒಳ್ಳೇ ಬಟ್ಟೆ ಹಾಳು ಮಾಡ್ತಿದ್ದೀರಲ್ಲ" ಅಂದರು. ಹಾಳಾಗಲಿಲ್ಲ. ಅವನಿಗೆ ಕಪ್ಪು ಪ್ಯಾಂಟೇ ಚೆನ್ನಾಗಿ ಒಪ್ಪುತ್ತಿತ್ತು. ನೆರಳಲ್ಲಿ ಒಣಗಿಸಿ, ಸ್ಪಂಜು ಮತ್ತೆ ಹೊಲಿದು ಕಳಿಸಿದ್ದೇನೆ. ಬಿಸಿಲಲ್ಲಿ ಓಡಿಸಿ ನೋಡು, ಗಾಜಿನಲ್ಲಿ ಏನಾದರೂ ಕಂಡರೆ ತೆಗೆದು ಬಿಸಾಕು. ನನ್ನನ್ನು ಕೇಳಬೇಡ.

ಇನ್ನೊಂದು ವಿಷಯ. ನಾನು ಕಾಗದಗಳನ್ನು ತಿರುಗಿಸಿ ತಿರುಗಿಸಿ ಓದುವವಳು, ನಿನಗೆ ಗೊತ್ತು. ಏಪ್ರಿಲ್ಲಿನಲ್ಲಿ "ಕೆಳಗಿನ ಮನೆಯವರು" ಅಂತ ಬರೆದಿದ್ದೆ. ಈ ಸಲ "ಅವರು ಬೈದರು, ಅವರು ನಕ್ಕರು, ಅವರು ನೆನಪು ಮಾಡುತ್ತಾರೆ" ಅಂತಿದೆ. ಮೊದಲ ಸಲ ಓದಿದಾಗ ಒಂದು ಗಳಿಗೆ ನನ್ನ ಮಗನ ಮಾತು ಬರೆದಿದ್ದೀಯ ಅಂದುಕೊಂಡೆ. ಆಮೇಲೆ ಮತ್ತೆ ಓದಿದೆ.

ಹೆದರಿಸಲು ಕೇಳುತ್ತಿಲ್ಲ. ಯಾರು ಅವರು, ಸೊಸೆ?

ಅತ್ತೆ


ಆಗಸ್ಟ್ ೪

ಅತ್ತೆ,

ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಕೆಲಸದ ನೆಪ ಹೇಳುವುದಿಲ್ಲ.

ಅಂಗಿ ಹಾಕಿದ್ದೇನೆ. ಗಾಜು ತಿಳಿನೀರಿನ ಹಾಗಿದೆ. ರೈಲು ಚಾಲಕರು ಬಲಗೈಯನ್ನು ತಾವಾಗಿಯೇ ಅದರ ಮೇಲೆ ಎತ್ತಿಟ್ಟರು. ಎಡಗೈಯ ಸಹಾಯವಿಲ್ಲದೆ! ಅವರ ಹೆಂಡತಿ ಹಿಂದಿನ ಸೀಟಿನಲ್ಲಿ ಬಾಯಿಗೆ ಸೆರಗು ಒತ್ತಿಕೊಂಡರು.

ನಿಮ್ಮ ಪ್ರಶ್ನೆಗೆ ಬರುತ್ತೇನೆ. "ಅವರು" ಅಂತ ಬರೆಯುತ್ತಿದ್ದೇನೆ ಅನ್ನುವುದು ನನಗೇ ತಿಳಿದಿರಲಿಲ್ಲ. ನೀವು ತೋರಿಸಿದ ಮೇಲೆ ಕೈ ಕಟ್ಟಿದ ಹಾಗಾಯಿತು. ಕೆಳಗಿನ ಮನೆಯ ಮೇಷ್ಟ್ರೇ. ಮೇ ತಿಂಗಳಲ್ಲಿ ಅವರೇ ಮದುವೆಯಾಗುತ್ತೀರಾ ಅಂತ ಕೇಳಿದರು. ನಾನು ಉತ್ತರ ಕೊಟ್ಟಿಲ್ಲ. "ಅತ್ತೆಯವ್ರಿಗೆ ಹೇಳ್ಬೇಕು" ಅಂದೆ. "ಹೇಳಿ" ಅಂದರು. "ಹೇಳೋಕಾಗಲ್ಲ" ಅಂದೆ. "ಹಾಗಾದ್ರೆ ಕಾಯ್ತೀನಿ" ಅಂದು ಉಪ್ಪುಕಾಗದ ಎತ್ತಿಕೊಂಡರು. ಅದೇ ಸಂಜೆ ನಾನು ಡ್ಯಾಶ್‌ಬೋರ್ಡಿಗೆ ಹಳ್ಳ ಬೀಳಿಸಿದ್ದು.

ಅವರ ತಾಯಿ ಒಳ್ಳೆಯವರು. ಮೊನ್ನೆ ನನ್ನ ಕೈ ಹಿಡಿದುಕೊಂಡು "ಅತ್ತೆ ಅಂತ ಕರೀಬಾರ್ದಾ?" ಅಂದರು. ಬಾಯಿ ತೆರೆದೆ, ಆ ಶಬ್ದ ಹೊರಡಲಿಲ್ಲ. ಅವರು ಬೇಜಾರು ಮಾಡಿಕೊಂಡರೋ ಏನೋ.

ನೀವು ಬೇಡ ಅಂದರೆ ಬೇಡ. ಇದನ್ನು ನಿಮ್ಮನ್ನು ಮೆಚ್ಚಿಸಲು ಬರೆಯುತ್ತಿಲ್ಲ. ನೀವಿಲ್ಲದೆ ನನಗೆ ಆಗುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ಸೊಸೆ


ಆಗಸ್ಟ್ ೨೬

ಸೊಸೆಗೆ ಆಶೀರ್ವಾದ.

ನಿನ್ನ ಕಾಗದ ಬಂದ ದಿನ ಒಂದು ಶರ್ಟಿಗೆ ಕಾಲರು ತಿರುಗಾಮುರುಗಾ ಹೊಲಿದೆ. ಬಿಚ್ಚಿದೆ, ಮತ್ತೆ ಹಾಗೇ ಹೊಲಿದೆ. ಯಂತ್ರ ಮುಚ್ಚಿ ಮನೆಗೆ ಹೋದೆ. ನಿನ್ನ ಮೇಲೆ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಸಿಟ್ಟು ಬಂದದ್ದಕ್ಕೆ ನನ್ನ ಮೇಲೂ ಸಿಟ್ಟು ಬಂತು. ಇಪ್ಪತ್ತೊಂಬತ್ತರ ಹುಡುಗಿ ನನ್ನ ಮಗನ ಫೋಟೋ ನೋಡುತ್ತಾ ಮುದುಕಿಯಾಗಲಿ ಅಂತ ನಾನು ಯಾವತ್ತೂ ಬಯಸಿದವಳಲ್ಲ. ಆದರೂ ಉತ್ತರ ಬರೆಯಲು ಕೂರಲಿಲ್ಲ.

ಹೀಗಿರುವಾಗ ಮೊನ್ನೆ ಮಧ್ಯಾಹ್ನ ಅಂಗಡಿಗೆ ಒಬ್ಬರು ಬಂದರು. ಚೀಲವಿಲ್ಲ, ಬಟ್ಟೆಯಿಲ್ಲ. ಬಾಗಿಲಲ್ಲೇ ನಿಂತರು. ಬೆರಳುಗಳ ಮೇಲೆ ಪಾಲಿಶಿನ ಕಲೆ ನೋಡಿದೆ. ಗೊತ್ತಾಯಿತು. ನಿನಗೆ ಹೇಳಿ ಬಂದಿರಲಿಲ್ಲವಂತೆ.

"ಏನು ಕೇಳಕ್ಕೆ ಬಂದ್ರಿ?" ಅಂದೆ, ಬಿರುಸಾಗಿಯೇ.

"ಕೇಳಕ್ಕೆ ಬಂದಿಲ್ಲಮ್ಮ. ಕಾಣಿಸ್ಕೊಂಡು ಹೋಗಕ್ಕೆ ಬಂದೆ. ನೀವು ನೋಡದೆ ಇರೋ ಮನುಷ್ಯನ ಬಗ್ಗೆ ಹೂಂ ಅನ್ನೋದು ಹೇಗೆ, ಉಹೂಂ ಅನ್ನೋದಾದ್ರೂ ಹೇಗೆ?"

ಕೂರಿ ಅಂದೆ. ನನ್ನ ಬಲಗಿವಿ ಪೂರಾ ಹೋಗಿದೆ ಅಂತ ನೀನು ಹೇಳಿದ್ದೆಯೋ, ಅವರೇ ಗಮನಿಸಿದರೋ, ಸ್ಟೂಲು ಎತ್ತಿಕೊಂಡು ಎಡಗಡೆಗೆ ಬಂದು ಕೂತರು. ಕಿರುಚಲಿಲ್ಲ. ನನ್ನ ಜೊತೆ ಮಾತಾಡುವವರೆಲ್ಲ ಸಂತೆಯಲ್ಲಿ ನಿಂತ ಹಾಗೆ ಕಿರುಚುತ್ತಾರೆ, ನಿನ್ನ ನಾದಿನಿಯೂ ಸೇರಿ.

ಟೀ ತರಿಸಿದೆ. ಕುಡಿದು ಮುಗಿಸಿ ಗೋಡೆಯ ಮೇಲಿನ ಫೋಟೋ ನೋಡಿದರು. ಈಗ ಕಣ್ಣು ತಪ್ಪಿಸುತ್ತಾರೆ ಅಂದುಕೊಂಡೆ. ತಪ್ಪಿಸಲಿಲ್ಲ.

"ಹೇಗಿದ್ರು ಅವರು?" ಅಂದರು.

ನೋಡು, ಆ ಜ್ವರ ಅವನನ್ನು ಕರೆದುಕೊಂಡು ಹೋದಂದಿನಿಂದ ಯಾರೂ ನನ್ನನ್ನು ಆ ಮಾತು ಕೇಳಿರಲಿಲ್ಲ. ನಾನು ಅತ್ತುಬಿಡುತ್ತೇನೆ ಅಂತ ಎಲ್ಲರಿಗೂ ಹೆದರಿಕೆ. ಅವನ ಹೆಸರು ಬರುವ ಹಾಗಿದ್ದರೆ ಮಳೆಯ ಮಾತು ತೆಗೆಯುತ್ತಾರೆ. ನಾನು ಹೇಳಿದೆ. ಚಿಕ್ಕವನಿದ್ದಾಗ ಗುಂಡಿ ನುಂಗಿ ಗಲಾಟೆ ಮಾಡಿದ್ದು, ಪರೀಕ್ಷೆಯ ಬೆಳಿಗ್ಗೆ ನಿದ್ದೆ ಹೋಗಿದ್ದು, ನಿನ್ನನ್ನು ತೋರಿಸಲು ಕರೆತಂದ ದಿನ ತಾನೇ ನಾಚಿಕೊಂಡು ಅಡುಗೆಮನೆಯಲ್ಲಿ ಅಡಗಿದ್ದು. ನಕ್ಕೆವು. ನಾನು ಅತ್ತುಬಿಟ್ಟೆ ಕೂಡ. ಅವರು ಕೈಕಾಲು ಆಡಿಸದೆ ಕೂತೇ ಇದ್ದರು, "ಅಳ್ಬೇಡಿ" ಅನ್ನಲಿಲ್ಲ. ಹೊರಗೆ ಬೀದಿ ದೀಪ ಹತ್ತಿತು, ಹೆಂಗಸರು ಯಂತ್ರಗಳಿಗೆ ಮುಸುಕು ಹಾಕಿ ಹೊರಟರು, ನನ್ನ ಮಾತು ಮುಗಿದಿರಲಿಲ್ಲ.

ಹೊರಡುವಾಗ ನಾನೇ ಕೇಳಿದೆ. "ಅವಳು ಕೆಲವು ದಿನ ಸುಮ್ನೆ ಕೂತುಬಿಡ್ತಾಳೆ. ಅವನ ನೆನಪು ಬಂದಿರುತ್ತೆ. ಆಗ ಏನ್ಮಾಡ್ತೀರಿ?"

"ಪಕ್ಕದಲ್ಲಿ ಕೂತಿರ್ತೀನಿ. ಬೇರೇನ್ ಮಾಡ್ಬೇಕೋ ಗೊತ್ತಿಲ್ಲಮ್ಮ" ಅಂದರು.

ಗೊತ್ತಿದೆ ಅಂದಿದ್ದರೆ ನಾನು ಬೇಡ ಅನ್ನುತ್ತಿದ್ದೆ.

ಆಗಲಿ, ತಾಯಿ. ದಿನ ಗೊತ್ತು ಮಾಡಿ ಬರೆ, ಬರುತ್ತೇನೆ. ಮುಂದಿನ ಸೀಟು ನನಗೆ. ನಿನ್ನ ನಾದಿನಿ ಹಿಂದೆ ಕೂರಲಿ. ಅವಳಿಗೆ ಹೇಳುವ ಕೆಲಸ ನನ್ನದು. ಮೊದಲು ಕೂಗಾಡುತ್ತಾಳೆ, ಆಮೇಲೆ ಯಾವ ಸೀರೆ ಉಡಲಿ ಅನ್ನುತ್ತಾಳೆ. ನಿನ್ನ ರವಿಕೆ ನಾನೇ ಹೊಲಿಯುತ್ತೇನೆ. ತೋಳಿನ ಅಳತೆ ಕಳಿಸು, ವ್ಯಾಯಾಮ ಮಾಡಿಸಿ ಮಾಡಿಸಿ ದಪ್ಪವಾಗಿರಬೇಕು.

ಒಂದೇ ಒಂದು ಮಾತು ಕಟ್ಟುನಿಟ್ಟು. ಅವರ ತಾಯಿಯನ್ನು ಪ್ರೀತಿಯಿಂದ ನೋಡಿಕೋ. ಅಮ್ಮ ಅನ್ನು, ದೊಡ್ಡಮ್ಮ ಅನ್ನು, ನಾಲಿಗೆಗೆ ಯಾವುದು ಬರುತ್ತದೋ ಅದನ್ನು ಅನ್ನು. ಅತ್ತೆ ಅಂತ ಮಾತ್ರ ಅನ್ನಬೇಡ. ಅವರಿಗೆ ಬೇಜಾರಾದರೆ ನಾನೇ ಬಂದು ಸಮಾಧಾನ ಹೇಳುತ್ತೇನೆ, ನಮ್ಮ ವಯಸ್ಸಿನವರಿಗೆ ಇಂಥದ್ದು ಅರ್ಥವಾಗುತ್ತದೆ. ಅಮ್ಮ ಅಂತ ಕರೆಯಲು ನನಗೆ ಮಗಳೊಬ್ಬಳು ಉಳಿದಿದ್ದಾಳೆ. ಅಳಿಯ ಅತ್ತೆ ಅನ್ನುವುದು ಊಟಕ್ಕೆ ಕೂತಾಗ ಮಾತ್ರ, ಅದು ಲೆಕ್ಕಕ್ಕಿಲ್ಲ. ಆ ಹೆಸರಿಗೆ ನನಗಿರುವವಳು ನೀನೊಬ್ಬಳೇ. ಅದನ್ನು ಬೇರೆ ಯಾರಿಗೂ ಕೊಡಬೇಡ.

ಇಂತಿ, ಇನ್ನು ಮೇಲೂ
ನಿನ್ನ ಅತ್ತೆ